ಬ್ರಹ್ಮಾವರದಿಂದ ಕೊಟ್ಟಾರಕ್ಕೆ ಸಿಂಗಾಪುರದ ದಾರಿ: ಅಂತರ್ಜಾಲ ಸೇವಾದಾರರ ಪಿಯರಿಂಗ್ ತಕರಾರು ಮತ್ತು ಅದರ ವೆಚ್ಚ

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದಲ್ಲಿದೆ, ಲೆಕ್ಕಪತ್ರ ಮತ್ತು ತೆರಿಗೆ ಸಲಹೆಯ ಕಚೇರಿ ಮಂಗಳೂರಿನ ಕೊಟ್ಟಾರದಲ್ಲಿದೆ. ಮನೆಗೆ ಕೇಬಲ್‌ನವರ ಮೂಲಕ ಬರುವ ಒಂದು ಸ್ಥಳೀಯ ಕಂಪನಿಯ ಫೈಬರ್ ಸಂಪರ್ಕವಿದೆ. ಕಚೇರಿಗೆ ದೇಶವ್ಯಾಪಿ ಕಂಪನಿಯೊಂದರ ಸಂಪರ್ಕ ಮತ್ತು ಪ್ರತ್ಯೇಕ ಹಣ ಕೊಟ್ಟು ಪಡೆದ ಸ್ಟ್ಯಾಟಿಕ್ ಐಪಿ (ಬದಲಾಗದ ಅಂತರ್ಜಾಲ ವಿಳಾಸ) ಇದೆ. ಸಂಜೆ ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಕಚೇರಿಯ ಕಂಪ್ಯೂಟರಿನಲ್ಲಿರುವ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿ ಕೆಲಸ ಮಾಡಲು ಕುಳಿತರೆ ಏಳೂವರೆಯ ನಂತರ ಪರದೆ ತಡೆತಡೆದು ಚಲಿಸುತ್ತದೆ, ಕೆಲವೊಮ್ಮೆ ಸಂಪರ್ಕವೇ ಕಡಿದುಹೋಗುತ್ತದೆ. ಅದೇ ಹೊತ್ತಿನಲ್ಲಿ ಯೂಟ್ಯೂಬ್ ಚೆನ್ನಾಗಿ ಓಡುತ್ತದೆ, ಸ್ಪೀಡ್ ಟೆಸ್ಟ್ ಎರಡೂ ಕಡೆ ಪೂರ್ಣ ವೇಗ ತೋರಿಸುತ್ತದೆ. ಎರಡೂ ಕಂಪನಿಗಳವರು ತಮ್ಮಲ್ಲಿ ದೋಷವಿಲ್ಲ ಎನ್ನುತ್ತಾರೆ. ಸ್ಥಳೀಯ ಕಂಪನಿಯ ಒಬ್ಬ ತಂತ್ರಜ್ಞರು ಮಾತ್ರ "ಇದು ಪಿಯರಿಂಗ್ ತಕರಾರು, ನಮ್ಮ ಕೈಯಲ್ಲಿಲ್ಲ" ಎಂದರು. ಹಾಗೆಂದರೇನು? ಆ ವೆಚ್ಚವನ್ನು ಯಾರು ಹೊರಬೇಕು? ಮಂಗಳೂರಿನಲ್ಲೇ ಒಂದು ಇಂಟರ್ನೆಟ್ ಎಕ್ಸ್‌ಚೇಂಜ್ (ಹಲವು ಕಂಪನಿಗಳ ಜಾಲಗಳು ಸೇರುವ ಜಾಗ) ಇದ್ದರೆ ಸರಿಹೋಗುತ್ತದೆಯೇ? ನಾನು ಮಾಡಬಹುದಾದದ್ದು ಏನಾದರೂ ಇದೆಯೇ? ಬೆಳಿಗ್ಗೆ ಹನ್ನೊಂದಕ್ಕೆ ಮತ್ತು ರಾತ್ರಿ ಒಂಬತ್ತಕ್ಕೆ ಮನೆಯಿಂದ ತೆಗೆದ ಎರಡು ಟ್ರೇಸ್‌ರೂಟ್‌ಗಳನ್ನು (ದತ್ತಾಂಶ ಯಾವ ಯಾವ ರೂಟರ್ ದಾಟಿ ಕಚೇರಿಗೆ ಹೋಯಿತೆಂದು ತೋರಿಸುವ ಪಟ್ಟಿಗಳನ್ನು) ಜೊತೆಗಿಟ್ಟಿದ್ದೇನೆ.

ಉತ್ತರ: ಆ ತಂತ್ರಜ್ಞರು ಕಾರಣವನ್ನು ಸರಿಯಾಗಿಯೇ ಹೇಳಿದ್ದಾರೆ. ನಿಮ್ಮ ಮನೆಯ ಫೈಬರಾಗಲಿ ಕಚೇರಿಯ ಫೈಬರಾಗಲಿ ಕೆಟ್ಟಿಲ್ಲ. ಎರಡು ಕಂಪನಿಗಳ ಜಾಲಗಳು ಒಂದನ್ನೊಂದು ಸೇರುವ ಜಾಗ ಇಕ್ಕಟ್ಟಾಗಿದೆ, ಮತ್ತು ಆ ಜಾಗವನ್ನು ಅಗಲಿಸುವ ಖರ್ಚು ಯಾರದೆಂಬುದು ಇತ್ಯರ್ಥವಾಗದೆ ಉಳಿದಿರುವುದರಿಂದಲೇ ಅದು ಇಕ್ಕಟ್ಟಾಗಿ ಮುಂದುವರಿದಿದೆ. "ನಮ್ಮ ಕೈಯಲ್ಲಿಲ್ಲ" ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಆ ಜಾಗ ಎರಡೂ ಕಂಪನಿಗಳ ಕೈಯಲ್ಲೇ ಇದೆ, ಮತ್ತು ಅದರ ಎರಡೂ ಬದಿಗೆ ತಿಂಗಳು ತಿಂಗಳು ಹಣ ಕಟ್ಟುತ್ತಿರುವವರು ನೀವೇ.

ನೀವು ಕಳುಹಿಸಿದ ಟ್ರೇಸ್‌ರೂಟ್‌ಗಳು ಬಹಳ ಉಪಯುಕ್ತವಾಗಿವೆ, ಆದ್ದರಿಂದ ಅವನ್ನು ಸಾಲು ಸಾಲಾಗಿ ಓದೋಣ. ಮೊದಲ ಸಾಲು ನಿಮ್ಮ ಮನೆಯ ರೂಟರ್. ಎರಡನೆಯದು 100.64 ಎಂದು ಆರಂಭವಾಗುವ ವಿಳಾಸ. ಸ್ಥಳೀಯ ಕಂಪನಿಯು ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ಐಪಿಯ ಹಿಂದೆ ಇರಿಸಿದೆ ಎಂಬುದರ ಗುರುತು ಅದು. ಮೂರನೆಯ ಸಾಲಿನ ಹೊತ್ತಿಗೆ ನಿಮ್ಮ ಪ್ಯಾಕೆಟ್, ಅಂದರೆ ದತ್ತಾಂಶದ ತುಣುಕು, ಬೆಂಗಳೂರಿನಲ್ಲಿದೆ, ಹೋಗಿಬರಲು ತಗುಲಿದ ಸಮಯ 12 ಮಿಲಿಸೆಕೆಂಡ್. ನಾಲ್ಕನೆಯದು ಚೆನ್ನೈ, 20 ಮಿಲಿಸೆಕೆಂಡ್; ರೂಟರಿನ ಹೆಸರಿನ ನಡುವೆ ಇರುವ ಮೂರು ಅಕ್ಷರಗಳು ಚೆನ್ನೈ ವಿಮಾನ ನಿಲ್ದಾಣದ ಸಂಕೇತ, ಜಾಲದ ಇಂಜಿನಿಯರುಗಳು ಊರುಗಳನ್ನು ಹೀಗೆ ಗುರುತಿಸಿಕೊಳ್ಳುವುದು ವಾಡಿಕೆ. ಐದನೆಯ ಸಾಲಿನಲ್ಲಿ ಸಿಂಗಾಪುರದ ಸಂಕೇತವಿದೆ, 53 ಮಿಲಿಸೆಕೆಂಡ್. ಆರನೆಯ ಸಾಲಿನಲ್ಲಿ ನಿಮ್ಮ ಕಚೇರಿಯ ಕಂಪನಿಯ ಹೆಸರು ಮೊದಲ ಬಾರಿಗೆ ಕಾಣಿಸುತ್ತದೆ, ಅದೂ ಸಿಂಗಾಪುರದಲ್ಲಿ. ಅಲ್ಲಿಂದ ಮರಳಿ ಚೆನ್ನೈ, ಬೆಂಗಳೂರು, ಕೊನೆಗೆ ಕೊಟ್ಟಾರ. ಕೊನೆಯ ಸಾಲು ಬೆಳಿಗ್ಗೆ 105 ಮಿಲಿಸೆಕೆಂಡ್ ತೋರಿಸಿದರೆ ರಾತ್ರಿ 171 ತೋರಿಸುತ್ತದೆ.

ಬ್ರಹ್ಮಾವರದಿಂದ ಕೊಟ್ಟಾರಕ್ಕೆ ಹೆದ್ದಾರಿ 66ರಲ್ಲಿ ಸುಮಾರು 70 ಕಿಲೋಮೀಟರ್. ಫೈಬರಿನ ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಹೆಚ್ಚುಕಡಿಮೆ 2 ಲಕ್ಷ ಕಿಲೋಮೀಟರ್ ಸಾಗುತ್ತದೆ, ಅಂದರೆ ಹೋಗಿಬರುವ ಲೆಕ್ಕದಲ್ಲಿ ಪ್ರತಿ 100 ಕಿಲೋಮೀಟರಿಗೆ ಒಂದು ಮಿಲಿಸೆಕೆಂಡ್. ನೇರ ದಾರಿಯಿದ್ದರೆ ನಡುವಿನ ಯಂತ್ರಗಳ ವಿಳಂಬವನ್ನು ಸೇರಿಸಿದರೂ ನಾಲ್ಕೈದು ಮಿಲಿಸೆಕೆಂಡಿನಲ್ಲಿ ಮುಗಿಯಬೇಕಾದ ಕೆಲಸ ಇದು. ಆದರೆ ಮಂಗಳೂರಿನಿಂದ ಚೆನ್ನೈಗೆ ಸುಮಾರು 700, ಚೆನ್ನೈಯಿಂದ ಸಿಂಗಾಪುರಕ್ಕೆ ಸಮುದ್ರದಡಿಯ ಕೇಬಲಿನಲ್ಲಿ ಸುಮಾರು 3,200, ಮತ್ತೆ ಅಷ್ಟೇ ದೂರ ಹಿಂದಕ್ಕೆ. ಹೀಗೆ ನಿಮ್ಮ ಒಂದು ಕೀ ಒತ್ತು ಕಚೇರಿಯ ಕಂಪ್ಯೂಟರನ್ನು ಮುಟ್ಟುವ ಮೊದಲು ಏಳೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ಪ್ರಯಾಣಿಸುತ್ತಿದೆ. ಬೆಳಗಿನ 105 ಮಿಲಿಸೆಕೆಂಡಿಗೆ ದೂರವೇ ಕಾರಣ. ರಾತ್ರಿ ಅದಕ್ಕೆ ಸೇರುವ 66 ಮಿಲಿಸೆಕೆಂಡಿಗೆ ಮತ್ತು ನೂರರಲ್ಲಿ ನಾಲ್ಕು ಪ್ಯಾಕೆಟ್ ಕಳೆದುಹೋಗುವುದಕ್ಕೆ ದಟ್ಟಣೆ ಕಾರಣ. ಐದನೆಯ ಮತ್ತು ಆರನೆಯ ಸಾಲುಗಳ ನಡುವೆ ಈ ಜಿಗಿತ ಆಗಿದೆ, ಮತ್ತು ಅಲ್ಲಿಂದ ಮುಂದಿನ ಪ್ರತಿ ಸಾಲಿನಲ್ಲೂ ಉಳಿದುಕೊಂಡಿದೆ. ಹಾಗೆ ಉಳಿದುಕೊಳ್ಳುವುದು ಮುಖ್ಯ ಸಾಕ್ಷ್ಯ, ಏಕೆಂದರೆ ನಡುವಿನ ಒಂದು ರೂಟರ್ ಟ್ರೇಸ್‌ರೂಟಿಗೆ ಉತ್ತರಿಸುವ ಕೆಲಸವನ್ನು ಹಿಂದಕ್ಕೆ ತಳ್ಳಿ ತಡವಾಗಿ ಉತ್ತರಿಸುವುದು ಸಾಮಾನ್ಯ ಸಂಗತಿ. ಮುಂದಿನ ಸಾಲಿನಲ್ಲಿ ಆ ವಿಳಂಬ ಮಾಯವಾದರೆ ಅದಕ್ಕೆ ಬೆಲೆ ಕೊಡಬೇಕಾಗಿಲ್ಲ.

ಯೂಟ್ಯೂಬ್ ಸರಾಗವಾಗಿ ಓಡುವುದೂ ಸ್ಪೀಡ್ ಟೆಸ್ಟ್ ಪೂರ್ಣ ಅಂಕ ಕೊಡುವುದೂ ಈ ಚಿತ್ರಕ್ಕೆ ವಿರುದ್ಧವಲ್ಲ. ಗೂಗಲ್, ಮೆಟಾ, ನೆಟ್‌ಫ್ಲಿಕ್ಸ್‌ನಂಥ ಕಂಪನಿಗಳು ಸಾಕಷ್ಟು ಟ್ರಾಫಿಕ್ ಇರುವ ಸೇವಾದಾರರ ಕೊಠಡಿಗಳಲ್ಲೇ ತಮ್ಮ ಕ್ಯಾಶ್ ಸರ್ವರುಗಳನ್ನು, ಅಂದರೆ ಜನ ಹೆಚ್ಚು ನೋಡುವುದರ ಪ್ರತಿಗಳನ್ನು ಇಟ್ಟುಕೊಂಡ ಕಂಪ್ಯೂಟರುಗಳನ್ನು, ಇಡುತ್ತವೆ, ಆದ್ದರಿಂದ ಜನಪ್ರಿಯ ವಿಡಿಯೊ ನಿಮ್ಮ ಸೇವಾದಾರರ ಜಾಲವನ್ನು ದಾಟಿ ಹೊರಗೆ ಹೋಗಬೇಕಾಗಿಯೇ ಇಲ್ಲ. ಸ್ಪೀಡ್ ಟೆಸ್ಟ್ ಕೂಡ ಹತ್ತಿರದ ಸರ್ವರನ್ನು, ಬಹುಪಾಲು ಅದೇ ಕಂಪನಿಯದ್ದನ್ನು, ಆರಿಸಿಕೊಳ್ಳುತ್ತದೆ. ಎರಡು ಕಂಪನಿಗಳ ನಡುವಿನ ಗಡಿಯನ್ನು ಅವೆರಡೂ ಮುಟ್ಟುವುದಿಲ್ಲ.

ಇನ್ನು ಆ ಗಡಿಯ ವಿಷಯ. ಜಾಲಗಳು ಎರಡು ರೀತಿಯಲ್ಲಿ ಸೇರಿಕೊಳ್ಳುತ್ತವೆ. ಒಂದು ಜಾಲ ಇನ್ನೊಂದಕ್ಕೆ ಹಣ ಕೊಟ್ಟು "ಇಡೀ ಅಂತರ್ಜಾಲವನ್ನು ನಮಗೆ ತಲುಪಿಸಿ" ಎಂದರೆ ಅದು ಟ್ರಾನ್ಸಿಟ್. ಎರಡು ಜಾಲಗಳು ತಂತಮ್ಮ ಗ್ರಾಹಕರ ಮಟ್ಟಿಗೆ ಮಾತ್ರ ನೇರವಾಗಿ ವಿನಿಮಯ ಮಾಡಿಕೊಂಡರೆ ಅದು ಪಿಯರಿಂಗ್. ಸಾಮಾನ್ಯವಾಗಿ ಇದರಲ್ಲಿ ಯಾರೂ ಯಾರಿಗೂ ಹಣ ಕೊಡುವುದಿಲ್ಲ, ಸೇರುವ ಜಾಗದವರೆಗಿನ ತಮ್ಮ ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳುತ್ತಾರೆ. ನಿಮ್ಮ ಸ್ಥಳೀಯ ಕಂಪನಿಗೆ ಕಚೇರಿಯ ಕಂಪನಿಯೊಂದಿಗೆ ಭಾರತದೊಳಗೆ ಪಿಯರಿಂಗ್ ಇದ್ದಂತೆ ಕಾಣುವುದಿಲ್ಲ. ಅದಕ್ಕೆ ಟ್ರಾನ್ಸಿಟ್ ಕೊಡುವ ಮೂರನೆಯ ಕಂಪನಿಗೂ ಇಲ್ಲ. ಆದರೆ ಆ ಮೂರನೆಯ ಕಂಪನಿಗೂ ನಿಮ್ಮ ಕಚೇರಿಯ ಕಂಪನಿಗೂ ಸಿಂಗಾಪುರದಲ್ಲಿ ಪೋರ್ಟುಗಳಿವೆ (ಜಾಲಗಳ ಕೇಬಲ್ ಜೋಡಿಸುವ ಜಾಗಗಳು), ಅವು ಅಲ್ಲಿ ಸಂಧಿಸುತ್ತವೆ, ಮತ್ತು ಕರಾವಳಿಯ ಎರಡು ಊರುಗಳ ನಡುವಿನ ಟ್ರಾಫಿಕ್ ಅಲ್ಲಿಗೆ ಹೋಗಿ ಬರುತ್ತದೆ.

ರಾತ್ರಿಯೇ ಏಕೆ ಇಕ್ಕಟ್ಟು ಎಂಬುದನ್ನು ಅರ್ಥಮಾಡಿಕೊಳ್ಳಲು ಟ್ರಾನ್ಸಿಟ್ ಬಿಲ್ ಹೇಗೆ ತಯಾರಾಗುತ್ತದೆ ಎಂದು ತಿಳಿದಿರಬೇಕು. ಬಹಳ ಕಡೆ ರೂಢಿಯಲ್ಲಿರುವ ಕ್ರಮದಲ್ಲಿ ಪ್ರತಿ ಐದು ನಿಮಿಷಕ್ಕೊಮ್ಮೆ ಲಿಂಕಿನ ಬಳಕೆಯನ್ನು ಅಳೆಯುತ್ತಾರೆ. ಮೂವತ್ತು ದಿನಗಳ ತಿಂಗಳಿಗೆ 8,640 ಅಳತೆಗಳಾಗುತ್ತವೆ. ಅವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಮೇಲಿನ ಶೇ. 5ನ್ನು, ಅಂದರೆ 432 ಅಳತೆಗಳನ್ನು ಬಿಟ್ಟು, ಅದರ ಕೆಳಗಿನದಕ್ಕೆ ಇಡೀ ತಿಂಗಳ ಹಣ ವಸೂಲು ಮಾಡುತ್ತಾರೆ. ಬಿಟ್ಟದ್ದು ಒಟ್ಟು 36 ಗಂಟೆ, ದಿನಕ್ಕೆ ಒಂದು ಗಂಟೆ ಹನ್ನೆರಡು ನಿಮಿಷ. ಆದರೆ ನಮ್ಮ ಮನೆಗಳಲ್ಲಿ ಸಂಜೆಯ ಬಳಕೆ ಮೂರು ನಾಲ್ಕು ಗಂಟೆ ಏರಿಯೇ ಇರುತ್ತದೆ. ಹಾಗಾಗಿ ಬೆಳಿಗ್ಗೆ, ಮಧ್ಯಾಹ್ನ, ನಡುರಾತ್ರಿ ಲಿಂಕು ಅರ್ಧ ಖಾಲಿ ಬಿದ್ದಿದ್ದರೂ ಬಿಲ್ಲನ್ನು ನಿರ್ಧರಿಸುವುದು ಸಂಜೆಯೇ. ಸಣ್ಣ ಕಂಪನಿಯೊಂದು ಸಂಜೆಯ ಅಗತ್ಯಕ್ಕೆ ತಕ್ಕಷ್ಟು ಕೊಳ್ಳದೆ ಸ್ವಲ್ಪ ಹಿಡಿದುಕೊಂಡರೆ ತಿಂಗಳ ಖರ್ಚು ಗಣನೀಯವಾಗಿ ಇಳಿಯುತ್ತದೆ, ಅದರ ಪರಿಣಾಮವನ್ನು ಏಳೂವರೆಯ ನಂತರ ಗ್ರಾಹಕರು ಅನುಭವಿಸುತ್ತಾರೆ. ಅದೇ ಇಕ್ಕಟ್ಟು ದೊಡ್ಡ ಕಂಪನಿಯ ಕಡೆಯಿಂದಲೂ ಆಗಬಹುದು: ಇನ್ನೊಂದು ಪೋರ್ಟ್ ತೆರೆಯಿರಿ ಎಂಬ ಕೋರಿಕೆಗೆ ತಿಂಗಳುಗಟ್ಟಲೆ ಉತ್ತರ ಕೊಡದಿದ್ದರೆ ಸಾಕು. ಅದನ್ನು ನಿರಾಕರಣೆ ಎಂದು ಯಾರೂ ಬರೆದುಕೊಡುವುದಿಲ್ಲ.

ದೊಡ್ಡ ಕಂಪನಿಗಳ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಅವರ ಮುಖ್ಯ ಆಕ್ಷೇಪ ಹೀಗಿದೆ: ಸಣ್ಣ ಕಂಪನಿಗೆ ಬೆಂಗಳೂರಿನಲ್ಲಿ ಮಾತ್ರ ನೆಲೆಯಿದೆ, ಅದು ಗುವಾಹಟಿಗೆ ಹೋಗಬೇಕಾದ ಟ್ರಾಫಿಕ್ಕನ್ನೂ ಬೆಂಗಳೂರಿನಲ್ಲೇ ತಮ್ಮ ಕೈಗೆ ಕೊಟ್ಟು ಸುಮ್ಮನಾದರೆ, ಅಲ್ಲಿಂದ ಗುವಾಹಟಿಯವರೆಗೆ ಹೊತ್ತುಕೊಂಡು ಹೋಗುವ ಫೈಬರಿನ ಖರ್ಚು ತಮ್ಮ ಮೇಲೆಯೇ ಬೀಳುತ್ತದೆ. ಇದು ನ್ಯಾಯವಾದ ಆಕ್ಷೇಪ. ಆದರೆ ಇದಕ್ಕೆ ಪರಿಹಾರವೂ ಹಳೆಯದೇ: ಬೆಂಗಳೂರಿನಲ್ಲಿ ಸೇರುವವರು ಆ ಭಾಗದ ಗ್ರಾಹಕರ ಐಪಿ ವಿಳಾಸಗಳನ್ನು ಮಾತ್ರ ಪರಸ್ಪರ ಪ್ರಕಟಿಸಿದರೆ, ಅಂದರೆ ಅವುಗಳಿಗೆ ಹೋಗುವುದನ್ನಷ್ಟೇ ಇಲ್ಲಿ ಪಡೆಯುತ್ತೇವೆಂದು ಜಾಲಗಳು ಒಂದಕ್ಕೊಂದು ತಿಳಿಸಿದರೆ, ದೂರದ ಹೊರೆ ಯಾರ ಮೇಲೂ ಬೀಳುವುದಿಲ್ಲ. ಇಷ್ಟಕ್ಕೂ ಒಪ್ಪದೆ "ಪಿಯರಿಂಗ್ ಬೇಡ, ನಮ್ಮಿಂದ ಟ್ರಾನ್ಸಿಟ್ ಕೊಳ್ಳಿ" ಎಂದೇ ಹೇಳುವವರ ಮಾತು ವೆಚ್ಚದ ಲೆಕ್ಕವನ್ನು ದಾಟಿ ಮಾರುಕಟ್ಟೆಯ ಬಲದ ಲೆಕ್ಕಕ್ಕೆ ಬಂದಿರುತ್ತದೆ. ಕೋಟಿಗಟ್ಟಲೆ ಗ್ರಾಹಕರಿರುವ ಜಾಲಕ್ಕೆ ಕರಾವಳಿಯ ಕೆಲವು ಸಾವಿರ ಮನೆಗಳ ಸಂಪರ್ಕ ಚೆನ್ನಾಗಿರಬೇಕೆಂಬ ತುರ್ತು ಇರುವುದಿಲ್ಲ, ಆದರೆ ಆ ಕೆಲವು ಸಾವಿರ ಮನೆಗಳ ಸಣ್ಣ ಕಂಪನಿಗೆ ದೊಡ್ಡ ಜಾಲವನ್ನು ತಲುಪದೆ ಬದುಕಿಲ್ಲ. ಮೇಲಾಗಿ, ಸಂಪರ್ಕ ಕೆಟ್ಟಾಗ ಗ್ರಾಹಕ ಮೊದಲು ಅನುಮಾನಿಸುವುದು ಸಣ್ಣ ಕಂಪನಿಯನ್ನೇ, ಮತ್ತು ಬೇಸತ್ತು ಸೇರುವುದು ದೊಡ್ಡ ಕಂಪನಿಯನ್ನೇ.

ಭಾರತದಲ್ಲಿ ಈ ಸಮಸ್ಯೆಯನ್ನು ಬಗೆಹರಿಸಲೆಂದೇ 2003ರಲ್ಲಿ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ನಿಕ್ಸಿ, ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ಆರಂಭವಾಯಿತು. ದೇಶದೊಳಗಿನ ಟ್ರಾಫಿಕ್ ವಿದೇಶಕ್ಕೆ ಹೋಗಿ ಮರಳುವುದನ್ನು ತಪ್ಪಿಸುವುದು ಅದರ ಘೋಷಿತ ಗುರಿ. ಮೊದಲ ಕೇಂದ್ರ ನೋಯ್ಡಾದಲ್ಲಿ, ನಂತರ ಮುಂಬೈ, ಚೆನ್ನೈ, ಕೋಲ್ಕತ್ತ ಮುಂತಾದೆಡೆ ಕೇಂದ್ರಗಳು ಬಂದವು. ಉದ್ದೇಶ ಒಳ್ಳೆಯದಿತ್ತು, ಪ್ರಾದೇಶಿಕ ವಿಳಾಸಗಳನ್ನು ಪ್ರಕಟಿಸುವ ನಿಯಮವೂ ಸರಿಯಾಗಿಯೇ ಇತ್ತು. ತೊಡಕು ಬಂದದ್ದು ಹಣದ ಸೂತ್ರದಿಂದ. ಯಾರು ಕೊಟ್ಟದ್ದಕ್ಕಿಂತ ಹೆಚ್ಚು ಟ್ರಾಫಿಕ್ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೋ ಅವರು ಆ ವ್ಯತ್ಯಾಸಕ್ಕೆ ಗಿಗಾಬೈಟಿಗೆ ಇಂತಿಷ್ಟೆಂದು ಇನ್ನೊಬ್ಬರಿಗೆ ಕೊಡಬೇಕೆಂಬ ಪದ್ಧತಿ ಹಲವು ವರ್ಷ ನಡೆಯಿತು. ಕೇಳಿದವರೇ ಹಣ ಕೊಡಲಿ ಎಂಬುದು ಕೇಳಲು ಸಹಜವಾಗಿ ತೋರುತ್ತದೆ. ಆದರೆ ಮನೆಗಳಿಗೆ ಸಂಪರ್ಕ ಕೊಡುವ ಸಣ್ಣ ಕಂಪನಿಯ ಟ್ರಾಫಿಕ್ ಯಾವಾಗಲೂ ಒಳಮುಖವಾಗಿಯೇ ಇರುತ್ತದೆ, ಏಕೆಂದರೆ ಮನೆಯವರು ನೋಡುವುದು ಹೆಚ್ಚು, ಕಳುಹಿಸುವುದು ಕಡಿಮೆ. ಸರ್ವರುಗಳನ್ನೂ ಡೇಟಾ ಸೆಂಟರುಗಳನ್ನೂ ಹೊಂದಿದ ದೊಡ್ಡ ಕಂಪನಿಯದ್ದು ಹೊರಮುಖ. ಪರಿಣಾಮವಾಗಿ ಎಕ್ಸ್‌ಚೇಂಜಿಗೆ ಬಂದು ಸೇರಿದ ಸಣ್ಣವರು ಪ್ರತಿ ತಿಂಗಳು ದೊಡ್ಡವರಿಗೆ ಹಣ ಕೊಡಬೇಕಾಯಿತು, ಅವರಲ್ಲಿ ಹಲವರಿಗೆ ಟ್ರಾನ್ಸಿಟ್ ಕೊಳ್ಳುವುದೇ ಲೇಸೆನಿಸಿತು. ಕಂಟೆಂಟ್ ಕಂಪನಿಗಳಿಗೆ ಮೊದಲ ವರ್ಷಗಳಲ್ಲಿ ಅಲ್ಲಿ ನೇರ ಪ್ರವೇಶವೂ ಇರಲಿಲ್ಲ. ನಿಕ್ಸಿಯನ್ನು ಹೆಚ್ಚು ಪರಿಣಾಮಕಾರಿ ಮಾಡುವುದು ಹೇಗೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2007ರಲ್ಲೇ ಶಿಫಾರಸು ಮಾಡಬೇಕಾಗಿ ಬಂದಿತು. ಮುಂದೆ ಮುಂಬೈಯಲ್ಲಿ ಖಾಸಗಿ ಎಕ್ಸ್‌ಚೇಂಜುಗಳು ಬಂದು, ಪೋರ್ಟಿಗೆ ಮಾತ್ರ ಬಾಡಿಗೆ, ಟ್ರಾಫಿಕ್ಕಿಗೆ ಪರಸ್ಪರ ವಸೂಲಿಯಿಲ್ಲ ಎಂಬ ಕ್ರಮವನ್ನು ಅನುಸರಿಸಿದ ಮೇಲೆ ಸಣ್ಣ ಸೇವಾದಾರರೂ ಕಂಟೆಂಟ್ ಕಂಪನಿಗಳೂ ಅಲ್ಲಿ ಬೇಗನೆ ಸೇರಿಕೊಂಡವು.

ದಕ್ಷಿಣ ಕೊರಿಯಾ ಇದಕ್ಕೆ ವಿರುದ್ಧ ದಿಕ್ಕಿನಿಂದ ಹೋಗಿ ನೋಡಿತು, ಮತ್ತು ಅದರ ಅನುಭವವನ್ನು ನಮ್ಮಲ್ಲಿ ನೀತಿ ರೂಪಿಸುವವರು ಗಮನವಿಟ್ಟು ಓದಬೇಕೆಂದು ನಾನು ಬಯಸುತ್ತೇನೆ. 2016ರಿಂದ ಅಲ್ಲಿ ದೊಡ್ಡ ಸೇವಾದಾರರ ನಡುವೆ ಕಳುಹಿಸಿದವರೇ ಹಣ ಕೊಡಬೇಕೆಂಬ ನಿಯಮ ಬಂದಿತು. ಫೇಸ್‌ಬುಕ್‌ನ ಕ್ಯಾಶ್ ಸರ್ವರುಗಳು ಕೆಟಿ ಎಂಬ ಕಂಪನಿಯಲ್ಲಿದ್ದವು, ಉಳಿದ ಕಂಪನಿಗಳ ಗ್ರಾಹಕರೂ ಅಲ್ಲಿಂದಲೇ ಪಡೆಯುತ್ತಿದ್ದರು. ಹೊಸ ನಿಯಮದಡಿ ಹಾಗೆ ಕೊಟ್ಟದ್ದಕ್ಕೆ ಕೆಟಿಯೇ ಹಣ ತೆರಬೇಕಾಗಿ ಬಂದಾಗ ಅದು ಆ ಹೊರೆಯನ್ನು ಫೇಸ್‌ಬುಕ್ ಮೇಲೆ ಹೊರಿಸಲು ಹೊರಟಿತು, ಫೇಸ್‌ಬುಕ್ ಉಳಿದ ಎರಡು ಕಂಪನಿಗಳ ಗ್ರಾಹಕರ ಟ್ರಾಫಿಕ್ಕನ್ನು ದೇಶದ ಹೊರಗಿನ ಸರ್ವರುಗಳಿಗೆ ತಿರುಗಿಸಿತು, ಸೋಲ್‌ನಲ್ಲಿ ಕುಳಿತವರ ಪರದೆಗಳು ನಿಧಾನವಾದವು. ನಿಯಂತ್ರಕರು 2018ರಲ್ಲಿ ಫೇಸ್‌ಬುಕ್‌ಗೆ ದಂಡ ಹಾಕಿದರು, 2019ರಲ್ಲಿ ಆಡಳಿತ ನ್ಯಾಯಾಲಯ ಅದನ್ನು ರದ್ದುಪಡಿಸಿತು. ನೆಟ್‌ಫ್ಲಿಕ್ಸ್ ಮತ್ತು ಅಲ್ಲಿನ ಸೇವಾದಾರ ಎಸ್‌ಕೆ ಬ್ರಾಡ್‌ಬ್ಯಾಂಡ್ ನಡುವಿನ ಮೊಕದ್ದಮೆ 2023ರಲ್ಲಿ ರಾಜಿಯಾಗುವವರೆಗೆ ವರ್ಷಗಟ್ಟಲೆ ನಡೆಯಿತು. ಜಾಲದ ಶುಲ್ಕ ಭರಿಸಲಾಗದೆಂದು ಹೇಳಿ ನೇರಪ್ರಸಾರದ ವಿಡಿಯೊ ತಾಣ ಟ್ವಿಚ್ 2024ರ ಫೆಬ್ರವರಿಯಲ್ಲಿ ಆ ದೇಶದಿಂದಲೇ ಹೊರನಡೆಯಿತು. ನಮ್ಮಲ್ಲಿ ತೆಗೆದುಕೊಂಡವರ ಮೇಲೆ ಶುಲ್ಕ, ಅಲ್ಲಿ ಕಳುಹಿಸಿದವರ ಮೇಲೆ ಶುಲ್ಕ. ಎರಡೂ ಕಡೆ ಟ್ರಾಫಿಕ್ ಶುಲ್ಕವಿರುವ ಹತ್ತಿರದ ದಾರಿಯನ್ನು ಬಿಟ್ಟು ಶುಲ್ಕವಿಲ್ಲದ ದೂರದ ದಾರಿಯನ್ನು ಹಿಡಿಯಿತು. ನಿಮ್ಮ ಟ್ರೇಸ್‌ರೂಟಿನ ಐದನೆಯ ಸಾಲಿನಲ್ಲಿ ಕಾಣುವುದೂ ಅದೇ.

ಪಿಯರಿಂಗ್ ಸಂಪೂರ್ಣ ಕಡಿದುಹೋದ ಪ್ರಸಂಗಗಳೂ ಇವೆ. 2005ರ ಅಕ್ಟೋಬರಿನಲ್ಲಿ ಅಮೆರಿಕದ ಲೆವೆಲ್ 3 ಮತ್ತು ಕೋಜೆಂಟ್ ಕಂಪನಿಗಳ ನಡುವಿನ ಕೊಂಡಿ ಕಡಿದಾಗ, ಈ ಬದಿಯಲ್ಲಿ ಅಥವಾ ಆ ಬದಿಯಲ್ಲಿ ಒಂದೇ ಸಂಪರ್ಕ ಇಟ್ಟುಕೊಂಡಿದ್ದವರಿಗೆ ಪರಸ್ಪರ ತಲುಪುವ ದಾರಿಯೇ ಇಲ್ಲವಾಯಿತು. ಆಸ್ಟ್ರೇಲಿಯಾದಲ್ಲಿ 1998ರಲ್ಲಿ ಸ್ಪರ್ಧಾ ಆಯೋಗವು ಟೆಲ್ಸ್ಟ್ರಾ ಕಂಪನಿಗೆ ನೋಟಿಸು ಕೊಟ್ಟ ಮೇಲೆ ಅದು ಆಪ್ಟಸ್ ಮೊದಲಾದ ಕೆಲವು ಪ್ರತಿಸ್ಪರ್ಧಿಗಳೊಂದಿಗೆ ಪಿಯರಿಂಗ್‌ಗೆ ಒಪ್ಪಿತು. ಅದು ಉಪಯುಕ್ತ ಹೆಜ್ಜೆಯೇ ಆಗಿದ್ದರೂ, ಆ ಸಣ್ಣ ಗುಂಪಿನ ಹೊರಗೆ ಉಳಿದ ಸೇವಾದಾರರು ಹಣ ಕೊಟ್ಟೇ ಕೊಳ್ಳುವುದು ಮುಂದುವರಿಯಿತು.

ಹಾಗಾದರೆ ವೆಚ್ಚ ಯಾರದು? ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ನೀವು ಮನೆಯಿಂದ ಕೇಳುವ ಪ್ರತಿಯೊಂದು ಬೈಟಿಗೂ ಸ್ಥಳೀಯ ಕಂಪನಿಗೆ ಹಣ ಕೊಟ್ಟಿದ್ದೀರಿ, ಕಚೇರಿಯಿಂದ ಹೊರಡುವ ಪ್ರತಿಯೊಂದು ಬೈಟಿಗೂ ದೊಡ್ಡ ಕಂಪನಿಗೆ ಹಣ ಕೊಟ್ಟಿದ್ದೀರಿ. ಇಬ್ಬರೂ ತಮ್ಮ ಗ್ರಾಹಕರಿಂದ ಪಡೆದದ್ದರಲ್ಲಿ ಸಮೀಪದ ಸಂಧಿಸ್ಥಾನದವರೆಗೆ ತಲುಪಿಸುವ ಖರ್ಚನ್ನು ನೋಡಿಕೊಳ್ಳಬೇಕು. ಅದರಾಚೆಗೆ ಒಬ್ಬರು ಇನ್ನೊಬ್ಬರಿಂದ ಬೈಟಿನ ಲೆಕ್ಕದಲ್ಲಿ ವಸೂಲು ಮಾಡಿದರೆ ಅದು ಒಂದೇ ಕೆಲಸಕ್ಕೆ ಎರಡು ಬಾರಿ ಹಣ ಪಡೆದಂತೆ. ದೂರವಾಣಿ ಕರೆಗಳಲ್ಲಿ ನಾವು ಈ ಹಂತಕ್ಕೆ ಬಂದಾಗಿದೆ. ಒಂದು ಜಾಲದ ಮೊಬೈಲ್ ಕರೆಯನ್ನು ಇನ್ನೊಂದು ಜಾಲ ಮುಗಿಸಿಕೊಡುವುದಕ್ಕೆ ಇದ್ದ ಶುಲ್ಕವನ್ನು 2017ರ ಅಕ್ಟೋಬರಿನಲ್ಲಿ ನಿಮಿಷಕ್ಕೆ 14 ಪೈಸೆಯಿಂದ 6 ಪೈಸೆಗೆ ಇಳಿಸಿ, 2021ರ ಜನವರಿ 1ರಿಂದ ಪೂರ್ತಿ ತೆಗೆದುಹಾಕಲಾಯಿತು. ಕಂಟೆಂಟ್ ಕಂಪನಿಗಳು ತಮಗೆ ಪಾಲು ಕೊಡಬೇಕೆಂದು ಮೊಬೈಲ್ ಕಂಪನಿಗಳು ಇತ್ತೀಚಿನ ವರ್ಷಗಳಲ್ಲಿ ಕೇಳುತ್ತಿರುವುದನ್ನೂ ನಾನು ಇದೇ ಕಾರಣಕ್ಕೆ ಒಪ್ಪುವುದಿಲ್ಲ.

ಮಂಗಳೂರಿನಲ್ಲೇ ಎಕ್ಸ್‌ಚೇಂಜ್ ಇದ್ದರೆ ಸಾಕೇ ಎಂಬ ನಿಮ್ಮ ಪ್ರಶ್ನೆಗೆ ಸಾಕಾಗದು ಎಂಬುದೇ ನನ್ನ ಉತ್ತರ, ಆದರೆ ಅದು ಬೇಡವೆಂದಲ್ಲ. ಎಕ್ಸ್‌ಚೇಂಜ್ ಎಂದರೆ ಮೂಲತಃ ಒಂದು ಕೊಠಡಿ, ಅದರಲ್ಲಿ ಸ್ವಿಚ್ಚುಗಳು, ನಿರಂತರ ವಿದ್ಯುತ್ತು ಮತ್ತು ತಂಪು. ಅದನ್ನು ಸ್ಥಾಪಿಸುವುದು ಕಷ್ಟವಲ್ಲ. ಜಾಲಗಳು ಬಂದು ಸೇರಬೇಕು, ಸೇರಿದ ಮೇಲೆ ತಮ್ಮ ಗ್ರಾಹಕರ ವಿಳಾಸಗಳನ್ನು ಪ್ರಾಮಾಣಿಕವಾಗಿ ಪ್ರಕಟಿಸಬೇಕು. ಪೋರ್ಟ್ ತೆಗೆದುಕೊಂಡು ನಾಲ್ಕು ವಿಳಾಸ ಪ್ರಕಟಿಸಿ ಉಳಿದುದನ್ನು ಹಿಡಿದಿಟ್ಟುಕೊಳ್ಳುವ ಸದಸ್ಯರಿಂದ ಏನೂ ಪ್ರಯೋಜನವಿಲ್ಲ. ಇನ್ನೊಂದು ಅಡಚಣೆ ಹೊರಗಿನವರಿಗೆ ಕಾಣುವುದಿಲ್ಲ. ನಿಮ್ಮ ಲಾಗಿನ್ ಅನ್ನು ದೃಢಪಡಿಸಿ, ಪ್ಲಾನಿನ ವೇಗವನ್ನು ನಿಗದಿಪಡಿಸಿ, ಟ್ರಾಫಿಕ್ಕನ್ನು ಹೊರಬಿಡುವ ಯಂತ್ರಕ್ಕೆ ಬಿಎನ್‌ಜಿ ಎನ್ನುತ್ತಾರೆ. ಹಲವು ಕಂಪನಿಗಳು ಅದನ್ನು ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಕೇಂದ್ರೀಕರಿಸಿರುತ್ತವೆ. ನಿಮ್ಮ ಟ್ರೇಸ್‌ರೂಟಿನ ಮೂರನೆಯ ಸಾಲೇ ಬೆಂಗಳೂರಾಗಿರುವುದನ್ನು ಗಮನಿಸಿ. ಬಿಎನ್‌ಜಿ ಘಟ್ಟದ ಮೇಲಿರುವವರೆಗೆ ಮಂಗಳೂರಿನ ಎಕ್ಸ್‌ಚೇಂಜಿಗೆ ಬರಬೇಕಾದ ಪ್ಯಾಕೆಟ್ ಮೊದಲು ಶಿರಾಡಿ ಹತ್ತಿ ಬೆಂಗಳೂರಿಗೆ ಹೋಗಿ, ಮತ್ತೆ ಘಟ್ಟ ಇಳಿದು ಮಂಗಳೂರಿಗೆ ಬರಬೇಕಾಗುತ್ತದೆ. ಅಂಥ ಕಂಪನಿಯೊಂದಿಗೆ ಬೆಂಗಳೂರಿನಲ್ಲೇ ಪಿಯರಿಂಗ್ ಆದರೆ ಅದಕ್ಕಿಂತ ಒಳ್ಳೆಯದು, ಮತ್ತು ನಿಮ್ಮ ಕೆಲಸಕ್ಕೆ ಅದೇ ಸಾಕು: ಇಪ್ಪತ್ತೈದು ಮಿಲಿಸೆಕೆಂಡಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಎದುರಿಗಿರುವ ಕಂಪ್ಯೂಟರಿನಂತೆಯೇ ವರ್ತಿಸುತ್ತದೆ.

ಕರಾವಳಿಗೆ ತನ್ನದೇ ಸಂಧಿಸ್ಥಾನ ಬೇಕೆನ್ನಲು ನನಗಿರುವ ಬಲವಾದ ಕಾರಣ ಬೇರೆ. ಇಲ್ಲಿಂದ ಹೊರಡುವ ಟ್ರಾಫಿಕ್ಕಿನ ಬಹುಭಾಗ ಘಟ್ಟದ ರಸ್ತೆಗಳ ಬದಿಯಲ್ಲಿ ಹೂತ ಫೈಬರುಗಳನ್ನು ನೆಚ್ಚಿಕೊಂಡಿದೆ. ಮಳೆಗಾಲದಲ್ಲಿ ಗುಡ್ಡ ಜರಿದಾಗ, ಹೆದ್ದಾರಿ ಅಗಲಿಸುವ ಜೆಸಿಬಿ ಮಣ್ಣು ತೆಗೆದಾಗ, ಅವು ಕಡಿಯುತ್ತವೆ. ಆಗ ಉಡುಪಿಯ ಆಸ್ಪತ್ರೆಯಿಂದ ಮಂಗಳೂರಿನ ವೈದ್ಯರಿಗೆ ಒಂದು ಸ್ಕ್ಯಾನ್ ಕಳುಹಿಸುವುದೂ ನಿಂತುಹೋಗುವುದು ಸರಿಯಲ್ಲ. ಬಿಎನ್‌ಜಿ ಇಲ್ಲೇ ಇದ್ದು, ಇಲ್ಲಿನ ಜಾಲಗಳು ಇಲ್ಲೇ ಸೇರಿದ್ದರೆ, ಘಟ್ಟದ ಫೈಬರ್ ಕಡಿದ ದಿನವೂ ಎರಡು ಜಿಲ್ಲೆಗಳೊಳಗಿನ ಕೆಲಸ ನಡೆಯುತ್ತದೆ. ಹಣದ ದೃಷ್ಟಿಯಿಂದ ಉಳಿತಾಯ ದೊಡ್ಡದೇನಲ್ಲ, ಏಕೆಂದರೆ ಎರಡು ಜಿಲ್ಲೆಗಳ ನಡುವಿನ ಟ್ರಾಫಿಕ್ ವಿಡಿಯೊದ ಮುಂದೆ ಅಲ್ಪ. ಸ್ಥಳೀಯ ಕಂಪನಿಗಳಿಗೆ ನಿಜವಾದ ಹೊರೆ ಬೆಂಗಳೂರಿನವರೆಗೆ ಬಾಡಿಗೆಗೆ ಪಡೆಯುವ ಬ್ಯಾಂಡ್‌ವಿಡ್ತ್. ಕ್ಯಾಶ್ ಸರ್ವರುಗಳು ಘಟ್ಟದ ಕೆಳಗೆ ಬಂದರೆ ಆ ಹೊರೆ ಇಳಿಯುತ್ತದೆ.

ಕಾನೂನಿನ ಕಡೆಯಿಂದ ಸದ್ಯಕ್ಕೆ ದೊಡ್ಡ ಆಸರೆಯಿಲ್ಲ. 2016ರ ಟ್ರಾಯ್ ನಿಯಮವು ಕಂಟೆಂಟ್ ನೋಡಿ ಬೇರೆ ಬೇರೆ ದರ ವಿಧಿಸುವುದನ್ನು ತಡೆಯುತ್ತದೆ, 2018ರಲ್ಲಿ ದೂರಸಂಪರ್ಕ ಇಲಾಖೆ ಒಪ್ಪಿದ ನೆಟ್ ನ್ಯೂಟ್ರಾಲಿಟಿ ತತ್ವಗಳು ಕಂಟೆಂಟ್ ನೋಡಿ ತಡೆಯುವುದನ್ನೂ ನಿಧಾನಗೊಳಿಸುವುದನ್ನೂ ನಿಷೇಧಿಸುತ್ತವೆ. ನಿಮ್ಮ ವಿಷಯದಲ್ಲಿ ಯಾರೂ ಟ್ಯಾಲಿಯನ್ನು ಗುರುತಿಸಿ ನಿಧಾನಗೊಳಿಸುತ್ತಿಲ್ಲ, ಲಿಂಕು ತುಂಬಲು ಬಿಟ್ಟಿದ್ದಾರೆ, ಅಷ್ಟೇ. ಇಬ್ಬರು ಸೇವಾದಾರರ ನಡುವಿನ ತಕರಾರನ್ನು ದೆಹಲಿಯ ಟಿಡಿಸ್ಯಾಟ್ ನ್ಯಾಯಮಂಡಳಿಗೆ ಒಯ್ಯಬಹುದು. ಆದರೆ ಎರಡು ತಾಲೂಕುಗಳಲ್ಲಿ ವ್ಯವಹರಿಸುವ ಕಂಪನಿ ತಾನು ಅವಲಂಬಿಸಿರುವ ದೊಡ್ಡ ಜಾಲದ ವಿರುದ್ಧ ಅಲ್ಲಿಗೆ ಹೋಗುವುದನ್ನು ನಿರೀಕ್ಷಿಸಲಾಗದು. ಅಂಥ ಜಾಲಗಳು ಯಾರೊಂದಿಗೆ, ಎಲ್ಲಿ, ಯಾವ ಷರತ್ತಿನ ಮೇಲೆ ಪಿಯರಿಂಗ್‌ಗೆ ಒಪ್ಪುತ್ತವೆ ಎಂಬುದನ್ನು ಬಹಿರಂಗವಾಗಿ ಪ್ರಕಟಿಸುವಂತೆಯೂ, ಸಂಧಿಸ್ಥಾನದ ಲಿಂಕುಗಳು ಸಂಜೆ ಎಷ್ಟು ತುಂಬಿರುತ್ತವೆ ಎಂದು ತಿಳಿಸುವಂತೆಯೂ ಟ್ರಾಯ್ ಕಡ್ಡಾಯ ಮಾಡಬೇಕು. ದರ ನಿಗದಿಗಿಂತ ಇದರಿಂದ ಹೆಚ್ಚು ಒಳಿತಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ನೀವು ಈಗ ಮಾಡಬಹುದಾದ ಕೆಲಸಗಳಿವೆ. ಮೊದಲು ಕಚೇರಿಯ ಕಡೆಯಿಂದ ಮನೆಯ ಕಡೆಗೂ ರಾತ್ರಿ ಒಂಬತ್ತರ ಟ್ರೇಸ್‌ರೂಟ್ ತೆಗೆಯಿರಿ, ಏಕೆಂದರೆ ಹೋಗುವ ದಾರಿ ಮತ್ತು ಬರುವ ದಾರಿ ಒಂದೇ ಆಗಿರಬೇಕೆಂದಿಲ್ಲ, ಇಕ್ಕಟ್ಟು ಮರಳುವ ದಾರಿಯಲ್ಲೂ ಇರಬಹುದು. ಮನೆಯ ಐಪಿ ಹಂಚಿಕೆಯದ್ದಾದ್ದರಿಂದ ಕೊನೆಯ ಸಾಲುಗಳು ಉತ್ತರಿಸದಿದ್ದರೂ ಚಿಂತೆಯಿಲ್ಲ, ದಾರಿ ತಿಳಿದರೆ ಸಾಕು. ನಂತರ ಎರಡೂ ಕಂಪನಿಗಳಿಗೆ ಲಿಖಿತ ದೂರು ಕೊಟ್ಟು ಡಾಕೆಟ್ ನಂಬರ್ ಪಡೆಯಿರಿ. "ಇಂಟರ್ನೆಟ್ ನಿಧಾನ" ಎಂದು ಬರೆದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ ಬರುತ್ತದೆ. "ನಿಮ್ಮ ಜಾಲಕ್ಕೂ ಇಂಥ ಕಂಪನಿಯ ಜಾಲಕ್ಕೂ ಭಾರತದೊಳಗೆ ಪಿಯರಿಂಗ್ ಇದೆಯೇ, ಇಲ್ಲದಿದ್ದರೆ ಟ್ರಾಫಿಕ್ ಸಿಂಗಾಪುರದ ಮೂಲಕ ಏಕೆ ಹೋಗುತ್ತಿದೆ, ಅಲ್ಲಿನ ಲಿಂಕ್ ರಾತ್ರಿ ಏಕೆ ತುಂಬಿರುತ್ತದೆ" ಎಂದು ಎರಡೂ ಟ್ರೇಸ್‌ರೂಟ್ ಸಹಿತ ಬರೆದರೆ ಅದು ನೆಟ್‌ವರ್ಕ್ ವಿಭಾಗದವರ ಮೇಜಿಗೆ ಹೋಗುವ ಸಂಭವ ಹೆಚ್ಚು. ತೃಪ್ತಿಕರ ಉತ್ತರ ಬಾರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟ್ರಾಯ್ ಬಿಡಿ ಗ್ರಾಹಕರ ದೂರುಗಳನ್ನು ತಾನೇ ವಿಚಾರಣೆ ಮಾಡುವುದಿಲ್ಲ. ಪಿಯರಿಂಗ್ ಡಿಬಿ ಎಂಬ ಸಾರ್ವಜನಿಕ ದಾಖಲೆಯಲ್ಲಿ ಎರಡೂ ಕಂಪನಿಗಳ ಹೆಸರು ಹುಡುಕಿದರೆ, ಅವು ಅಲ್ಲಿ ವಿವರ ದಾಖಲಿಸಿದ್ದ ಪಕ್ಷದಲ್ಲಿ, ಯಾವ ಯಾವ ಎಕ್ಸ್‌ಚೇಂಜಿನಲ್ಲಿವೆ, ಪಿಯರಿಂಗ್ ಬಗ್ಗೆ ಅವುಗಳ ನೀತಿ ಮುಕ್ತವೋ ನಿರ್ಬಂಧಿತವೋ ಎಂಬುದೂ ಕಾಣುತ್ತದೆ.

ದೂರು ಇತ್ಯರ್ಥವಾಗುವವರೆಗೆ ಕೆಲಸ ನಿಲ್ಲಬಾರದಲ್ಲ. ಎರಡೂ ಕಂಪನಿಗಳು ದೊಡ್ಡ ಕ್ಲೌಡ್ ಕಂಪನಿಗಳೊಂದಿಗೆ ಭಾರತದೊಳಗೇ ಚೆನ್ನಾಗಿ ಸೇರಿಕೊಂಡಿರುವುದು ಸಾಮಾನ್ಯ. ಮುಂಬೈಯ ಡೇಟಾ ಸೆಂಟರಿನಲ್ಲಿ ಅತಿ ಸಣ್ಣ ವರ್ಚುವಲ್ ಸರ್ವರೊಂದನ್ನು ಬಾಡಿಗೆಗೆ ಪಡೆದು, ಮನೆ ಮತ್ತು ಕಚೇರಿ ಎರಡೂ ಕಡೆಯಿಂದ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶದ ಗುಪ್ತ ಸಂಪರ್ಕದ ಮೂಲಕ ಅದಕ್ಕೆ ಸೇರಿಕೊಂಡರೆ ಟ್ರಾಫಿಕ್ ಸಿಂಗಾಪುರಕ್ಕೆ ಹೋಗದೆ ಮುಂಬೈಯಲ್ಲೇ ತಿರುಗುತ್ತದೆ. ಮೊದಲು ಎರಡೂ ಕಡೆಯಿಂದ ಅಲ್ಲಿಗೆ ರಾತ್ರಿಯ ಪಿಂಗ್, ಅಂದರೆ ಹೋಗಿಬರುವ ಸಮಯ, ನೋಡಿ. ಎರಡೂ ಸಮಯ ಸೇರಿ 60 ಮಿಲಿಸೆಕೆಂಡ್ ಒಳಗಿದ್ದರೆ ಕೆಲಸ ಸಲೀಸಾಗುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ನೀವು ಸ್ಟ್ಯಾಟಿಕ್ ಐಪಿಯ ಮೇಲೆ ರಿಮೋಟ್ ಡೆಸ್ಕ್‌ಟಾಪಿನ ಪೋರ್ಟನ್ನು ನೇರವಾಗಿ ತೆರೆದಿಟ್ಟಿದ್ದರೆ ದಯವಿಟ್ಟು ಇಂದೇ ಮುಚ್ಚಿಸಿ. ಹಾಗೆ ತೆರೆದಿಟ್ಟ ಪೋರ್ಟಿನ ಮೂಲಕ ನುಗ್ಗಿ ಕಡತಗಳನ್ನೆಲ್ಲ ಲಾಕ್ ಮಾಡಿ ಹಣ ಕೇಳುವವರಿದ್ದಾರೆ, ನಿಮ್ಮಲ್ಲಿರುವುದು ಬೇರೆಯವರ ಲೆಕ್ಕಪತ್ರಗಳು.

ಮನೆಗೂ ಕಚೇರಿಯ ಕಂಪನಿಯ ಸಂಪರ್ಕವನ್ನೇ ತೆಗೆದುಕೊಂಡರೆ ಟ್ರಾಫಿಕ್ ಒಂದೇ ಜಾಲದೊಳಗೆ ಉಳಿಯುತ್ತದೆ, ಪಿಯರಿಂಗ್ ಪ್ರಶ್ನೆಯೇ ಏಳುವುದಿಲ್ಲ. ನಿಮಗೆ ಇದು ಅತ್ಯಂತ ಸರಳ ದಾರಿಯಾಗಬಹುದು. ಕರೆದ ಕೂಡಲೇ ಕಂಬ ಹತ್ತಿ ಕೇಬಲ್ ಸರಿಮಾಡುವ ಸ್ಥಳೀಯ ಕಂಪನಿಯನ್ನು ಆ ಕಾರಣಕ್ಕೆ ಬಿಡಬೇಕಾಗಿ ಬರುವುದು ನನಗೆ ಬೇಸರದ ಸಂಗತಿ, ಆದ್ದರಿಂದ ಮೊದಲು ವಿಪಿಎನ್ ದಾರಿಯನ್ನು ಪ್ರಯತ್ನಿಸಿ ಎನ್ನುತ್ತೇನೆ. ಬದಲಾಯಿಸಲೇಬೇಕೆಂದಾದರೆ, ವರ್ಷದ ಪ್ಲಾನಿಗೆ ಹಣ ಕಟ್ಟುವ ಮೊದಲು ಅದೇ ಕಂಪನಿಯ ಸಂಪರ್ಕವಿರುವ ಬ್ರಹ್ಮಾವರದ ಪರಿಚಿತರ ಮನೆಯಿಂದ ರಾತ್ರಿ ಒಂಬತ್ತಕ್ಕೆ ನಿಮ್ಮ ಕಚೇರಿಯ ಐಪಿಗೆ ಒಂದು ಟ್ರೇಸ್‌ರೂಟ್ ತೆಗೆದು ನೋಡಿ.